ಧರ್ಮಸಂಸ್ಥೆಗಳೂ ಸಾರ್ವಜನಿಕ ಆರೋಗ್ಯವೂ



ದೇವರಿಗೆ ನಾವು ಇಟ್ಟಿರುವ ಅನೇಕ ಹೆಸರುಗಳಲ್ಲಿ ವೈದ್ಯನಾಥ ಎಂಬುದು ಬಹು ಅರ್ಥವತ್ತಾದುದು. ವೈದ್ಯರಿಗೂ ಒಡೆಯನಾದವನು ಎಂದು ಅದರ ಅಭಿಪ್ರಾಯ. ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲ್ಲೂಕಿನಲ್ಲಿ, ಧರ್ಮಸ್ಥಳಕ್ಕೆ ಕೆಲವೇ ಮೈಲಿ ದೂರದಲ್ಲಿ, ಕೊಕ್ಕಡವೆಂಬ ಒಂದು ಊರಿದೆ. ಆ ಊರಿನ ದೇವರು ವೈದ್ಯನಾಥೇಶ್ವರ. ಧನು ಸಂಕ್ರಮಣದ ಸುಮಾರಿಗೆ ಅಲ್ಲಿ ಕೋರಿ ಜಾತ್ರೆ ನಡೆಯುತ್ತದೆ. ರೈತರು ತಮ್ಮ ದನಕರುಗಳನ್ನು ಹೊಡೆದುಕೊಂಡು ಬಂದು ದೇವರ ಗದ್ದೆಗೆ ಇಳಿಸುತ್ತಾರೆ. ರೋಗರುಜಿನಗಳಿಗೆ ಹರಕೆ ಹೊತ್ತವರು ಆ ಗದ್ದೆಗೆ ಹಸಿ ಸೊಪ್ಪನ್ನು ಒಪ್ಪಿಸುತ್ತಾರೆ. ಮನುಷ್ಯನ ರೋಗವೂ ಪಶುವಿನ ರೋಗವೂ ಒಂದೇ ದೇವರ ಮುಂದೆ, ಒಂದೇ ಕೆಸರಿನಲ್ಲಿ ನಿವೇದನೆಯಾಗುವ ಸ್ಥಳವದು. ಅಲ್ಲಿಗೆ ಸಮೀಪದ ಸೌತಡ್ಕದಲ್ಲಿ ಮಹಾಗಣಪತಿಯು ಗುಡಿಯೂ ಗೋಪುರವೂ ಇಲ್ಲದೆ ಬಯಲಿನಲ್ಲಿಯೇ ಕುಳಿತಿದ್ದಾನೆ. ಇಷ್ಟಾರ್ಥ ಸಿದ್ಧಿಸಿದವರು ಕಟ್ಟಿದ ಗಂಟೆಗಳು ಅವನ ಸುತ್ತಲೂ ತೂಗುತ್ತಿವೆ. ಅವುಗಳಲ್ಲಿ ಎಷ್ಟು ಗಂಟೆಗಳು ರೋಗ ವಾಸಿಯಾದುದಕ್ಕೆ ಕಟ್ಟಿದವು ಎಂದು ಎಣಿಸಿದವರಿಲ್ಲ.

ಎಣಿಸಿದವರಿಲ್ಲ ಎಂಬ ಈ ಮಾತನ್ನು ತಾವು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇನೆ. ನನ್ನ ಇಂದಿನ ಭಾಷಣವು ಕೊನೆಗೆ ಅಲ್ಲಿಗೇ ಬಂದು ನಿಲ್ಲತಕ್ಕದ್ದು.

ಧರ್ಮಕ್ಕೂ ವೈದ್ಯಕ್ಕೂ ಜಗಳ ಹಚ್ಚುವುದು ನಮ್ಮಂಥ ವಿದ್ಯಾವಂತರಿಗೆ ಸುಲಭವಾದ ಕೆಲಸ. ಒಂದು ಪಕ್ಷದವರು ಹರಕೆಯೆಲ್ಲವೂ ಮೌಢ್ಯವೆಂದು ಹಳಿಯುತ್ತಾರೆ; ಇನ್ನೊಂದು ಪಕ್ಷದವರು ನಮ್ಮ ಹಿರಿಯರಿಗೆ ತಿಳಿಯದಿದ್ದುದು ಯಾವುದೂ ಇಲ್ಲವೆಂದು ಸಾಧಿಸುತ್ತಾರೆ. ನಾನು ಈ ಹೊತ್ತು ಯಾವ ಪಕ್ಷವನ್ನೂ ಹಿಡಿದು ಬಂದವನಲ್ಲ. ದೇವಾಲಯ, ಮಠ, ಬಸದಿ, ಇಗರ್ಜಿ, ಮಸೀದಿ, ಇವುಗಳಿಂದ ಜನರ ಆರೋಗ್ಯಕ್ಕೆ ಆದದ್ದೇನು, ಆಗದೆ ಉಳಿದದ್ದೇನು, ಇನ್ನು ಮುಂದೆ ಆಗಬಹುದಾದದ್ದೇನು ಎಂಬ ಮೂರು ಪ್ರಶ್ನೆಗಳನ್ನು ತಮ್ಮೊಡನೆ ವಿಚಾರಮಾಡಬೇಕೆಂಬುದಷ್ಟೇ ನನ್ನ ಉದ್ದೇಶ.

ಮೊದಲು ಆದದ್ದನ್ನು ನೋಡೋಣ. ಅದೇನೂ ಅಲ್ಪವಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವೆಂಬುದೊಂದಿತ್ತು. ೧೧೬೨ನೆಯ ಇಸವಿಯ ಅಲ್ಲಿನ ಶಾಸನವು ಆ ಮಠದ ಮಹಿಮೆಯನ್ನು ವರ್ಣಿಸುತ್ತದೆ. ವೇದ, ವ್ಯಾಕರಣ, ದರ್ಶನಗಳ ಪಾಠ ಅಲ್ಲಿ ನಡೆಯುತ್ತಿತ್ತು ಎಂದು ಹೇಳಿ, ಶಾಸನಕಾರನು ಅಷ್ಟಕ್ಕೆ ನಿಲ್ಲಿಸದೆ, ದೀನರಿಗೂ ಕುರುಡರಿಗೂ ಹೆಳವರಿಗೂ ಅಲ್ಲಿ ಅನ್ನ ದೊರೆಯುತ್ತಿತ್ತು, ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ನಡೆಯುತ್ತಿತ್ತು ಎಂದು ಮುಂದುವರಿಸಿದ್ದಾನೆ. ತರ್ಕಶಾಸ್ತ್ರದ ಪಾಠವೂ ರೋಗಿಯ ಶುಶ್ರೂಷೆಯೂ ಒಂದೇ ಪ್ರಾಕಾರದೊಳಗೆ ಶೋಭಿಸುತ್ತಿದ್ದ ಕಾಲ ನಮ್ಮ ನಾಡಿನಲ್ಲಿಯೇ ಇತ್ತು.

ಜೈನರು ದಾನವನ್ನು ನಾಲ್ಕು ಬಗೆಯೆಂದು ಎಣಿಸಿದರು. ಅನ್ನ, ಅಭಯ, ವಿದ್ಯೆ, ಔಷಧ. ಹಸಿದವನಿಗೆ ಅನ್ನವನ್ನಿಕ್ಕುವುದು ಎಷ್ಟು ಸಹಜವಾದ ಧರ್ಮವೋ ಅಷ್ಟೇ ಸಹಜವಾದ ಧರ್ಮ ಔಷಧವನ್ನು ಕೊಡುವುದೂ ಹೌದು ಎಂಬ ಭಾವನೆ ಮೂಡಬಿದ್ರೆ, ವೇಣೂರು, ಬೆಳ್ತಂಗಡಿಯ ಸೀಮೆಯಲ್ಲಿ ಬಹುಕಾಲದಿಂದ ಬೇರೂರಿದೆ. ಧರ್ಮಸ್ಥಳದಲ್ಲಿ ದೇವರು ಶಿವ, ಅರ್ಚಕರು ವೈಷ್ಣವರು, ಆಡಳಿತ ಜೈನರಾದ ಹೆಗ್ಗಡೆಯವರದು. ಈ ಮೂವರೂ ಒಪ್ಪಿಕೊಂಡಿರುವುದು ಆ ಚತುರ್ವಿಧ ದಾನವನ್ನು. ಉಜಿರೆಯ ಆಸ್ಪತ್ರೆ, ಶಾಂತಿವನದ ಪ್ರಕೃತಿಚಿಕಿತ್ಸಾಲಯ, ಹಳ್ಳಿಹಳ್ಳಿಗಳಲ್ಲಿ ನಡೆದುಬಂದಿರುವ ಮದ್ಯವರ್ಜನ ಶಿಬಿರಗಳು, ಇವೆಲ್ಲವೂ ಆ ಹಳೆಯ ಬೇರಿನಿಂದ ಹೊರಟ ಹೊಸ ಚಿಗುರುಗಳು. ಕುಡಿತವನ್ನು ಬಿಡಿಸುವುದು ಔಷಧದಾನವೋ ಅಭಯದಾನವೋ ಎಂದು ಕುಡುಕನ ಹೆಂಡತಿಯನ್ನು ಕೇಳಿದರೆ ಆಕೆ ಎರಡೂ ಹೌದೆಂದಾಳು.

ಇನ್ನು ಕಡಲಾಚೆಯಿಂದ ಬಂದವರ ಮಾತು. ಅಗಸ್ಟಸ್ ಮುಲ್ಲರ್ ಎಂಬ ಜರ್ಮನಿಯ ಜೆಸುಯಿಟ್ ಪಾದ್ರಿಯವರು ೧೮೮೦ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಹೋಮಿಯೋಪತಿಯ ಔಷಧಗಳನ್ನಿಟ್ಟುಕೊಂಡು ಬಡವರಿಗೆ ಮದ್ದು ಹಂಚಲಾರಂಭಿಸಿದರು. ೧೮೯೦ರಲ್ಲಿ ಕುಷ್ಠರೋಗಿಗಳಿಗೆ ಒಂದು ಆಶ್ರಯವನ್ನು ಕಟ್ಟಿದರು. ಪ್ಲೇಗು ಬಂದಾಗ ೧೯೦೨ರಲ್ಲಿ ಪ್ಲೇಗಿನ ಆಸ್ಪತ್ರೆಯನ್ನು ತೆರೆದರು. ೧೯೧೦ರಲ್ಲಿ ಅವರು ತೀರಿಕೊಂಡರು; ಅವರ ಹೆಸರಿನ ಆಸ್ಪತ್ರೆ ಇಂದು ಒಂದು ವೈದ್ಯಕೀಯ ವಿದ್ಯಾಲಯವಾಗಿ ಬೆಳೆದಿದೆ. ಉಡುಪಿಯಲ್ಲಿ ಇವಾ ಲೊಂಬಾರ್ಡ್ ಎಂಬ ಸ್ವಿಟ್ಸರ್ಲೆಂಡಿನ ವೈದ್ಯೆ ೧೯೨೩ರಲ್ಲಿ ಮಿಶನ್ ಆಸ್ಪತ್ರೆಯನ್ನು ತೆರೆದರು. ಮೈಸೂರಿನ ಶ್ರೋತೃಗಳಿಗೆ ೧೯೦೬ರ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನೂ, ಬೆಂಗಳೂರಿನವರಿಗೆ ೧೮೮೬ರ ಸೇಂಟ್ ಮಾರ್ತಾ ಆಸ್ಪತ್ರೆಯನ್ನೂ ನಾನು ಪರಿಚಯಮಾಡಿಕೊಡಬೇಕಾದ್ದಿಲ್ಲ. ತಮ್ಮಲ್ಲಿ ಅನೇಕರು ಹುಟ್ಟಿದ್ದೇ ಅಲ್ಲಿರಬಹುದು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ೧೮೯೦ರಲ್ಲಿ ಕುಷ್ಠರೋಗವನ್ನು ಗುಣಪಡಿಸತಕ್ಕ ಮದ್ದು ಪ್ರಪಂಚದಲ್ಲಿ ಎಲ್ಲಿಯೂ ಇರಲಿಲ್ಲ. ಡ್ಯಾಪ್ಸೋನ್ ಎಂಬ ಔಷಧದ ಬಳಕೆ ೧೯೪೦ರ ದಶಕದಲ್ಲಿ ಬಂದಿತು. ರೋಗವನ್ನು ನಿಶ್ಚಯವಾಗಿ ಕಳೆಯುವ ಬಹು ಔಷಧಗಳ ಚಿಕಿತ್ಸೆ ೧೯೮೦ರ ದಶಕದಲ್ಲಿ ಬಂದಿತು. ಹಾಗಾದರೆ ಮುಲ್ಲರ್ ಪಾದ್ರಿಗಳು ಕೊಟ್ಟದ್ದೇನು? ಸೂರು, ಊಟ, ಹುಣ್ಣು ತೊಳೆಯುವ ಕೈ, ಹೆಸರು ಹಿಡಿದು ಕರೆಯುವ ಬಾಯಿ. ಮನೆಯವರೇ ಹೊರಗೆ ಹಾಕಿದ ಮನುಷ್ಯನನ್ನು ಒಳಗೆ ಕರೆದದ್ದು ಅವರ ಚಿಕಿತ್ಸೆ. ಇದನ್ನು ಯಾವ ಪ್ರಯೋಗಶಾಲೆಯೂ ಅಳೆಯಲಾರದು; ಆದರೆ ಇದಿಲ್ಲದೆ ಯಾವ ಆಸ್ಪತ್ರೆಯೂ ಆಸ್ಪತ್ರೆಯಾಗಲಾರದು.

ಆದದ್ದು ಇಷ್ಟು. ಆಗದೆ ಉಳಿದದ್ದೇನು ಎಂಬುದನ್ನೂ ನಿಷ್ಪಕ್ಷಪಾತವಾಗಿ ಹೇಳಬೇಕು. ಔಷಧ ಬೇರೆ, ಆರೋಗ್ಯ ಬೇರೆ. ಔಷಧವು ಬಂದ ರೋಗಕ್ಕೆ. ಆರೋಗ್ಯದ ವಿಚಾರವು ರೋಗ ಬರುವ ದಾರಿಗೆ. ಔಷಧವನ್ನು ಒಬ್ಬನು ಇನ್ನೊಬ್ಬನಿಗೆ ಕೊಡಬಹುದು. ಸಾರ್ವಜನಿಕ ಆರೋಗ್ಯವನ್ನು ಯಾರೂ ಯಾರಿಗೂ ದಾನಮಾಡಲು ಬರುವುದಿಲ್ಲ. ಅದು ಊರಿನ ಬಾವಿ, ಊರಿನ ಚರಂಡಿ, ಊರಿನ ಗಾಳಿ. ಊರಿನ ಕೆರೆಯ ನೀರು ಎಲ್ಲ ಜಾತಿಗೂ ಸಲ್ಲದಿದ್ದ ಶತಮಾನಗಳಲ್ಲಿ ನಮ್ಮ ದಾನಶೀಲರು ಅನ್ನಛತ್ರಗಳನ್ನು ಕಟ್ಟಿಸಿದರು. ಛತ್ರ ಕಟ್ಟಿಸಿದ ಪುಣ್ಯ ದೊಡ್ಡದೇ. ನೀರನ್ನು ತಡೆದ ಪಾಪ ಅದಕ್ಕಿಂತ ಸಣ್ಣದೆಂದು ನಾನು ಹೇಳಲಾರೆನು.

೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಜನರು ಪ್ಲೇಗಮ್ಮನಿಗೆ ಗುಡಿ ಕಟ್ಟಿ ಪೂಜಿಸಿದರು. ಇಕ್ಕಟ್ಟಾದ ಪೇಟೆಯ ಹೊರಗೆ ಮಲ್ಲೇಶ್ವರ, ಬಸವನಗುಡಿಗಳ ಅಗಲವಾದ ಬೀದಿಗಳು ಬೆಳೆದದ್ದೂ ಆ ಪ್ಲೇಗಿನ ಬಳಿಕವೇ. ಗುಡಿಯು ಜನರ ಭಯಕ್ಕೆ ಸಮಾಧಾನವನ್ನು ಕೊಟ್ಟಿತು. ಬೀದಿಯು ಇಲಿಗೂ ಮನುಷ್ಯನಿಗೂ ನಡುವೆ ಅಂತರವನ್ನು ಕೊಟ್ಟಿತು. ಎರಡೂ ಬೇಕಾಗಿದ್ದುವು. ಆದರೆ ಒಂದು ಮಾಡುವ ಕೆಲಸವನ್ನು ಇನ್ನೊಂದು ಮಾಡಲಾರದು.

ಇದಕ್ಕೆ ತುಳುನಾಡಿನ ಒಂದು ಆಚರಣೆಯ ದೃಷ್ಟಾಂತವೂ ಉಂಟು. ಆಟಿ ತಿಂಗಳ ಅಮಾವಾಸ್ಯೆಯ ದಿವಸ ಅಲ್ಲಿಯವರು ಬೆಳಕು ಹರಿಯುವುದಕ್ಕೆ ಮೊದಲೇ ಹಾಲೆಮರದ ತೊಗಟೆಯನ್ನು ಕಬ್ಬಿಣ ಸೋಕಿಸದೆ ಕಲ್ಲಿನಿಂದ ಜಜ್ಜಿ ತಂದು, ಅದರ ರಸವನ್ನು ಬರಿಯ ಹೊಟ್ಟೆಯಲ್ಲಿ ಕುಡಿಯುತ್ತಾರೆ. ಮಳೆಗಾಲದ ಜಡ್ಡುಗಳಿಗೆ ಅದು ಮದ್ದೆಂದು ನಂಬಿಕೆ. ಆದರೆ ಆ ಕತ್ತಲಿನಲ್ಲಿ ಹಾಲೆಯೆಂದು ಭ್ರಮಿಸಿ ಕಾಸರಕನ ತೊಗಟೆಯನ್ನು ತಂದು ಕುಡಿದವರು ಪ್ರಾಣಕ್ಕೆ ಎರವಾದದ್ದೂ ಉಂಟು. ಭಕ್ತಿಯಲ್ಲಿ ಕೊರತೆಯಿರಲಿಲ್ಲ, ಮರ ಬೇರೆಯಾಗಿತ್ತು. ಶ್ರದ್ಧೆಯು ಮರವನ್ನು ಗುರುತಿಸಿಕೊಡುವುದಿಲ್ಲ. ಅದಕ್ಕೆ ಬೆಳಕು ಬೇಕು.

ಈಗ ಮತ್ತೆ ಕೊಕ್ಕಡಕ್ಕೆ ಬರೋಣ. ಈ ಸೀಮೆಯ ದುಃಖದ ಕಥೆಯಲ್ಲಿ ಎರಡು ಅಧ್ಯಾಯಗಳಿವೆ. ಎರಡರಲ್ಲಿಯೂ ಗೇರುತೋಟದ ಹೆಸರು ಬರುತ್ತದೆ. ಮೊದಲನೆಯದು ಮಂಗನ ಕಾಯಿಲೆ. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಈ ರೋಗವು ಉಣುಗುಗಳಿಂದ ಹರಡತಕ್ಕದ್ದು. ೧೯೮೨-೮೩ರ ಬೇಸಗೆಯ ಸುಮಾರಿಗೆ ಅದು ಬೆಳ್ತಂಗಡಿ ತಾಲ್ಲೂಕಿನಲ್ಲಿ, ಕೊಕ್ಕಡದ ನೆರೆಯ ಪಟ್ರಮೆಯ ಕಾಡುಗಳ ಕಡೆ, ಸಾವಿರಕ್ಕೂ ಮಿಕ್ಕ ಜನರನ್ನು ಹಿಡಿಯಿತು, ಅನೇಕರು ಸತ್ತರು. ಗೇರನ್ನು ನೆಡುವುದಕ್ಕಾಗಿ ಹಳೆಯ ಕಾಡನ್ನು ಬೋಳಾಗಿ ಕಡಿದುದೇ ಆ ಪಿಡುಗಿಗೆ ಕಾರಣವಾಯಿತೆಂದು ತಜ್ಞರು ಬರೆದಿದ್ದಾರೆ.

ಎರಡನೆಯದು ಎಂಡೋಸಲ್ಫಾನ್. ಗೇರುಹೂವಿನ ರಸವನ್ನು ಹೀರುವ ಕೀಟವನ್ನು ಕೊಲ್ಲುವುದಕ್ಕೋಸ್ಕರ, ಸರಕಾರದ ಗೇರು ಅಭಿವೃದ್ಧಿ ನಿಗಮದ ತೋಟಗಳ ಮೇಲೆ ಸುಮಾರು ಇಪ್ಪತ್ತು ವರ್ಷಗಳ ಕಾಲ, ೨೦೦೦ದ ವರೆಗೂ, ಹೆಲಿಕಾಪ್ಟರಿನಿಂದ ಈ ವಿಷವನ್ನು ಸಿಂಪಡಿಸಲಾಯಿತು. ಗಾಳಿಗೆ ಬೇಲಿಯಿಲ್ಲ. ಕೊಕ್ಕಡ, ಪಟ್ರಮೆ, ನಿಡ್ಲೆ ಗ್ರಾಮಗಳಲ್ಲಿ ಕೈಕಾಲು ಸ್ವಾಧೀನವಿಲ್ಲದ, ಬುದ್ಧಿ ಬಲಿಯದ, ಅಪಸ್ಮಾರಕ್ಕೆ ಸಿಕ್ಕಿದ ಮಕ್ಕಳು ಒಂದೊಂದೇ ಮನೆಯಲ್ಲಿ ಕಾಣಿಸಿಕೊಂಡರು. ಯಾವ ರೋಗಕ್ಕೆ ಈ ವಿಷವು ಎಷ್ಟರ ಮಟ್ಟಿಗೆ ಕಾರಣವೆಂಬುದನ್ನು ಕುರಿತು ವಿಜ್ಞಾನಿಗಳಲ್ಲಿ ವಾದವಿದ್ದೇ ಇದೆ. ೨೦೧೧ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರವೂ, ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ನಿಷೇಧಿಸಿದುವು. ದಕ್ಷಿಣ ಕನ್ನಡ ಜಿಲ್ಲೆಯೊಂದರಲ್ಲಿಯೇ ಮೂರು ಸಾವಿರಕ್ಕೂ ಹೆಚ್ಚು ಮಂದಿಯನ್ನು ಸಂತ್ರಸ್ತರೆಂದು ಸರಕಾರ ಗುರುತಿಸಿದೆ.

ಇದೇ ಬಗೆಯ ಕಷ್ಟವು ಗಡಿಯಾಚೆ ಕಾಸರಗೋಡಿನಲ್ಲಿ, ಕನ್ನಡ ಮಾತನಾಡುವ ಎಣ್ಮಕಜೆ ಪಂಚಾಯತಿಯ ಪಡ್ರೆ ಗ್ರಾಮದಲ್ಲಿಯೂ ನಡೆಯಿತು. ಅಲ್ಲಿನ ಜನರು ಮಕ್ಕಳ ರೋಗಕ್ಕೆ ಜಟಾಧಾರಿ ದೈವದ ಮುನಿಸೇ ಕಾರಣವೆಂದು ಬಹುಕಾಲ ನಂಬಿಕೊಂಡಿದ್ದರು. ಅಲ್ಲಿ ವೈದ್ಯರಾಗಿದ್ದ ಡಾಕ್ಟರ್ ಮೋಹನ ಕುಮಾರರು, ಇಷ್ಟು ಸಣ್ಣ ಊರಿನಲ್ಲಿ ಇಷ್ಟು ಜನರಿಗೆ ಇಂಥ ರೋಗಗಳು ಏಕೆ ಎಂದು ೧೯೯೦ರ ದಶಕದಲ್ಲಿಯೇ ಕೇಳತೊಡಗಿದರು. ಪತ್ರಕರ್ತರಾದ ಶ್ರೀಪಡ್ರೆಯವರು ಆ ಪ್ರಶ್ನೆಯನ್ನು ನಾಡಿಗೆ ಕೇಳಿಸಿದರು. ಜನರು ಆಕಾಶದ ಕಡೆ ನೋಡಿಯೇ ಇದ್ದರು. ಆದರೆ ದೈವವನ್ನು ಹುಡುಕುತ್ತ ನೋಡಿದ್ದರು, ಹೆಲಿಕಾಪ್ಟರನ್ನಲ್ಲ. ದೈವಭಕ್ತಿಯು ಅವರಿಗೆ ಸೈರಣೆಯನ್ನು ಕೊಟ್ಟಿತು, ಸರಿ. ಆದರೆ ಸೈರಣೆಯು ಪ್ರಶ್ನೆಯ ಬಾಯನ್ನು ಮುಚ್ಚಿದಾಗ ಅದು ಧರ್ಮವೆನಿಸದು.

ಕೆಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿಯೊಬ್ಬನ ಮನೆಯ ಮದುವೆಗೆಂದು ನಾನು ಆ ಸೀಮೆಗೆ ಹೋಗಿದ್ದೆನು. ಮರುದಿನ ಅವನು ತನ್ನ ಸೋದರತ್ತೆಯ ಮನೆಗೆ ಕರೆದುಕೊಂಡು ಹೋದನು. ಒಳಗಿನ ಜಗಲಿಯಲ್ಲಿ ಚಾಪೆಯ ಮೇಲೆ ಮೂವತ್ತರ ಸುಮಾರಿನ ಮಗ ಮಲಗಿದ್ದನು. ಅವನ ಕೈಕಾಲುಗಳು ಹತ್ತು ವರ್ಷದ ಹುಡುಗನವು. ಆಕೆ ನಮಗೆ ಬೆಲ್ಲ ನೀರು ಕೊಟ್ಟು ಉಪಚರಿಸಿ, ಒಳಗಿನಿಂದ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯನ್ನು ತಂದಿಟ್ಟರು.

“ನೀವು ಓದಿದವರು ಮಾಷ್ಟ್ರೇ, ಇದನ್ನೊಮ್ಮೆ ನೋಡಿ ಹೇಳಿ. ಇವನಿಗೆ ಯಾವಾಗಿನಿಂದ ಹೀಗೆ ಅಂತ ಅವರು ಕೇಳಿದರು. ಆಸ್ಪತ್ರೆಯ ಹಳೆ ಚೀಟಿ ಉಂಟಾ ಅಂತ ಕೇಳಿದರು. ಚೀಟಿ ಎಲ್ಲಿಂದ ತರುವುದು? ನನ್ನ ಹತ್ತಿರ ಇದ್ದದ್ದು ಇಷ್ಟೇ” ಎಂದರು.

ಡಬ್ಬಿಯ ತುಂಬ ಹರಕೆಯ ರಶೀದಿಗಳು. ಮೃತ್ಯುಂಜಯ ಹೋಮದ್ದು, ತುಲಾಭಾರದ್ದು, ಗಂಟೆಯ ಸೇವೆಯದು. ಇಗರ್ಜಿಯೊಂದರಲ್ಲಿ ಪೂಜೆಗೆ ಕೊಟ್ಟ ಹಣದ್ದು. ಉರೂಸಿನ ಕಾಣಿಕೆಯದೂ ಒಂದು. “ಹರಕೆ ಹೇಳದ ದೇವರಿಲ್ಲ ಮಾಷ್ಟ್ರೇ” ಎಂದು ಆಕೆ ಅಂದರು. ನಾನೂ ನನ್ನ ವಿದ್ಯಾರ್ಥಿಯೂ ನೆಲದ ಮೇಲೆ ಕುಳಿತು ಅವುಗಳನ್ನು ತಾರೀಖಿನ ಪ್ರಕಾರ ಜೋಡಿಸಿದೆವು. ಹುಡುಗನ ಹೆಸರು, ನಕ್ಷತ್ರ, ಸೇವೆಯ ಹೆಸರು, ದಿವಸ. ಒಂದೊಂದು ಚೀಟಿಯನ್ನೂ ಕೈಗೆತ್ತಿಕೊಂಡು, ಇದು ಮಗುವಿಗೆ ಕುತ್ತಿಗೆ ನಿಲ್ಲದೆ ಇದ್ದಾಗ, ಇದು ಮೊದಲನೆಯ ಸಲ ಸೆಳೆತ ಬಂದಾಗ, ಇದು ನಡೆದಾನೇನೋ ಎಂಬ ಆಸೆ ಹುಟ್ಟಿದಾಗ ಎಂದು ಆಕೆ ಹೇಳುತ್ತ ಹೋದರು. ಮಧ್ಯಾಹ್ನದ ಹೊತ್ತಿಗೆ ಆ ನೆಲದ ಮೇಲೆ ಒಬ್ಬ ರೋಗಿಯ ಸಮಗ್ರ ಚರಿತ್ರೆ ಹಾಸಿಕೊಂಡಿತ್ತು. ಅದನ್ನು ಬರೆದಿಟ್ಟವನು ವೈದ್ಯನಲ್ಲ, ದೇವಸ್ಥಾನದ ಗುಮಾಸ್ತ. ತಾನು ಏನನ್ನು ಬರೆದೆನೆಂಬುದು ಅವನಿಗೆ ತಿಳಿದಿರಲಿಲ್ಲ.

ಅಂದಿನಿಂದ ನನ್ನ ಮನಸ್ಸಿನಲ್ಲಿ ಒಂದೇ ವಿಚಾರ ಸುಳಿಯುತ್ತಿದೆ. ಒಂದು ಮನೆಯ ಡಬ್ಬಿಯಲ್ಲಿ ಇಷ್ಟಿದ್ದರೆ, ಆ ಸೀಮೆಯ ದೇವಸ್ಥಾನಗಳ ಲೆಕ್ಕದ ಪುಸ್ತಕಗಳಲ್ಲಿ ಎಷ್ಟಿರಬೇಕು! ಒಂದೇ ಗ್ರಾಮದ ಹತ್ತಾರು ತಾಯಂದಿರು ಹತ್ತಾರು ವರ್ಷ ನಡೆಯದ ಮಕ್ಕಳಿಗಾಗಿ ಹರಕೆ ಹೊತ್ತರು. ಅರ್ಚಕರಿಗೆ ಅದು ಗೊತ್ತಿತ್ತು, ಪಾದ್ರಿಗಳಿಗೆ ಗೊತ್ತಿತ್ತು, ಮಸೀದಿಯ ಉಸ್ತಾದರಿಗೆ ಗೊತ್ತಿತ್ತು. ಒಬ್ಬೊಬ್ಬರಿಗೂ ಒಂದೊಂದು ಮನೆಯ ದುಃಖವಾಗಿ ಗೊತ್ತಿತ್ತು. ಎಲ್ಲವನ್ನೂ ಕೂಡಿಸಿ, ಇದೇನು, ಇಷ್ಟೇಕೆ ಎಂದು ಕೇಳಿದವರಿರಲಿಲ್ಲ. ಎಣಿಸಿದವರಿರಲಿಲ್ಲ.

ಧರ್ಮಸಂಸ್ಥೆಯು ಎಣಿಸಬೇಕೆನ್ನುವುದು ವಿಚಿತ್ರವಾದ ಸಲಹೆಯೆಂದು ತಮಗೆ ತೋರಬಹುದು. ಚರಿತ್ರೆಯು ಹಾಗೆ ಹೇಳುವುದಿಲ್ಲ. ಲಂಡನ್ನಿನಲ್ಲಿ ಜಾನ್ ಗ್ರಾಂಟ್ ಎಂಬ ಬಟ್ಟೆಯ ವ್ಯಾಪಾರಿ ೧೬೬೨ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದನು. ಜನರ ಜನನಮರಣಗಳನ್ನು ಎಣಿಸಿ ರೋಗದ ಗತಿಯನ್ನು ತಿಳಿಯುವ ಶಾಸ್ತ್ರಕ್ಕೆ ಅದೇ ಮೊದಲ ಗ್ರಂಥವೆಂದು ಹೇಳುತ್ತಾರೆ. ಅವನಿಗೆ ಸಾಮಗ್ರಿ ದೊರೆತದ್ದು ಎಲ್ಲಿಂದ? ಇಗರ್ಜಿಗಳ ಗುಮಾಸ್ತರು ವಾರವಾರವೂ ಬರೆದಿಟ್ಟ ಮರಣದ ಪಟ್ಟಿಗಳಿಂದ. ಸಾರ್ವಜನಿಕ ಆರೋಗ್ಯಶಾಸ್ತ್ರದ ತೊಟ್ಟಿಲು ತೂಗಿದ್ದು ದೇವರ ಮನೆಯ ಲೆಕ್ಕದ ಪುಸ್ತಕದಲ್ಲಿ.

ಇನ್ನೊಂದು ಕಥೆ ಇದಕ್ಕಿಂತಲೂ ರಮ್ಯವಾದುದು. ೧೮೫೪ರಲ್ಲಿ ಲಂಡನ್ನಿನ ಸೋಹೋ ಬಡಾವಣೆಯ ಬ್ರಾಡ್ ಸ್ಟ್ರೀಟಿನಲ್ಲಿ ಕಾಲರಾ ಬಂದು ಕೆಲವೇ ದಿನಗಳಲ್ಲಿ ಆರುನೂರಕ್ಕೂ ಹೆಚ್ಚು ಜನ ಸತ್ತರು. ಬೀದಿಯ ಪಂಪಿನ ನೀರೇ ಕಾರಣವೆಂದು ಜಾನ್ ಸ್ನೋ ಎಂಬ ವೈದ್ಯನು ಹೇಳಿದನು. ಆ ಬಡಾವಣೆಯ ಇಗರ್ಜಿಯಲ್ಲಿ ಹೆನ್ರಿ ವೈಟ್‌ಹೆಡ್ ಎಂಬ ತರುಣ ಪಾದ್ರಿಯಿದ್ದನು. ಅವನಿಗೆ ಸ್ನೋನ ಮಾತಿನಲ್ಲಿ ನಂಬಿಕೆಯಿರಲಿಲ್ಲ. ಅದನ್ನು ಸುಳ್ಳೆಂದು ತೋರಿಸಬೇಕೆಂದೇ ಅವನು ಮನೆಮನೆಗೂ ಹೋದನು. ಬಾಗಿಲು ತಟ್ಟಿದರೆ ತೆರೆಯುವಷ್ಟು ಅವನಿಗೆ ಪ್ರತಿಯೊಂದು ಮನೆಯ ಪರಿಚಯವಿತ್ತು. ಯಾರು ಎಲ್ಲಿಯ ನೀರನ್ನು ಕುಡಿದರು, ಯಾರು ಯಾವ ದಿವಸ ಸತ್ತರು, ಎಲ್ಲವನ್ನೂ ಕೇಳಿ ಬರೆದುಕೊಂಡನು. ಕೊನೆಗೆ ಅವನೇ ಪಂಪಿನ ಪಕ್ಕದ ಮನೆಯ ಒಂದು ಹಸುಗೂಸಿನ ಮರಣವನ್ನು ಪತ್ತೆಮಾಡಿದನು. ಪಿಡುಗಿಗೆ ಮೊದಲೇ ಕಾಯಿಲೆಬಿದ್ದ ಆ ಕೂಸಿನ ಬಟ್ಟೆ ತೊಳೆದ ನೀರು ಬಾವಿಯ ಬಳಿಯ ಮಲದ ಗುಂಡಿಗೆ ಸೇರಿತ್ತು. ಸ್ನೋನ ಮತಕ್ಕೆ ಬಲವಾದ ಸಾಕ್ಷ್ಯವನ್ನು ಒದಗಿಸಿದವನು ಅದನ್ನು ಖಂಡಿಸಹೊರಟ ಪಾದ್ರಿ. ವೈದ್ಯನಲ್ಲಿ ಶಾಸ್ತ್ರವಿತ್ತು, ಪಾದ್ರಿಯಲ್ಲಿ ಮನೆಮನೆಯ ಪರಿಚಯವಿತ್ತು. ಇವೆರಡೂ ಸೇರಿದಲ್ಲಿ ಸತ್ಯ ಹೊರಬಿದ್ದಿತು.

ಮೂರನೆಯ ಪ್ರಶ್ನೆಗೆ, ಅಂದರೆ ಇನ್ನು ಮುಂದೆ ಆಗಬಹುದಾದದ್ದೇನು ಎಂಬುದಕ್ಕೆ, ನನ್ನ ಉತ್ತರ ಇಲ್ಲಿದೆ. ಆಸ್ಪತ್ರೆಯನ್ನು ಕಟ್ಟಲು ಎಲ್ಲ ದೇವಸ್ಥಾನಗಳಿಗೂ ಹಣವಿಲ್ಲ. ಕಟ್ಟಬೇಕಾದ ಅವಶ್ಯಕತೆಯೂ ಇಲ್ಲ. ಆದರೆ ಊರಿನ ಮನೆಗಳನ್ನು ಬಲ್ಲವರು ಧರ್ಮಸಂಸ್ಥೆಯವರು. ಸರಕಾರದ ವೈದ್ಯರು ಮೂರು ವರ್ಷಕ್ಕೊಮ್ಮೆ ವರ್ಗವಾಗುತ್ತಾರೆ. ಅರ್ಚಕರ ಮನೆ ಮೂರು ತಲೆಮಾರು ಅಲ್ಲಿಯೇ ಇರುತ್ತದೆ. ಮನೆಗಳನ್ನು ಬಲ್ಲವರು ಅಲ್ಲಿನ ದುಃಖವನ್ನು ಗಮನಿಸಿ, ಗುರುತುಹಾಕಿ, ತಿಳಿಯಬೇಕಾದವರಿಗೆ ತಿಳಿಸಬೇಕು. ಒಂದು ವರ್ಷದಲ್ಲಿ ಒಂದೇ ಬಗೆಯ ಹರಕೆ ಒಂದೇ ಕಡೆಯಿಂದ ಹೆಚ್ಚಾಗಿ ಬಂದರೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಂದು ಮಾತು ಹೋಗಬೇಕು. ಇಷ್ಟಕ್ಕೆ ಹಣವೂ ಬೇಡ, ಕಟ್ಟಡವೂ ಬೇಡ.

ಮಂಗನ ಕಾಯಿಲೆಯನ್ನೇ ತೆಗೆದುಕೊಳ್ಳಿ. ಮನುಷ್ಯರಿಗೆ ರೋಗ ತಗಲುವುದಕ್ಕೆ ಮುಂಚೆ ಕಾಡಿನಲ್ಲಿ ಮಂಗಗಳು ಸಾಯುತ್ತವೆ. ಸತ್ತ ಮಂಗವನ್ನು ಹನುಮಂತನ ಅಂಶವೆಂದು ಭಾವಿಸಿ ಹೂವೇರಿಸಿ ಸಂಸ್ಕಾರ ಮಾಡುವ ವಾಡಿಕೆ ನಮ್ಮ ನಾಡಿನ ಹಲವು ಕಡೆಗಳಲ್ಲಿದೆ. ಹೀಗಾಗಿ ಅದರ ಸುದ್ದಿ ಆಸ್ಪತ್ರೆಗಿಂತ ಮೊದಲು ಗುಡಿಗೆ ಮುಟ್ಟುವುದುಂಟು. ಆದರೆ ಸತ್ತ ಮಂಗನ ಮೈಯಿಂದ ಉಣುಗುಗಳು ಸುತ್ತಲೂ ಉದುರುತ್ತವೆ, ಮುಟ್ಟಿದವನಿಗೇ ಅಪಾಯ. ಹೆಣವನ್ನು ಮುಟ್ಟದೆ ಮೊದಲು ಆರೋಗ್ಯ ಇಲಾಖೆಗೆ ತಿಳಿಸಿರಿ, ಹೂವನ್ನು ಆಮೇಲೆ ದೂರದಿಂದ ಅರ್ಪಿಸಿರಿ ಎಂದು ಅರ್ಚಕರೊಬ್ಬರು ಹೇಳಿದರೆ, ನ್ಯಾಯಾಧೀಶರ ಆಜ್ಞೆಗಿಂತಲೂ ಆ ಮಾತು ಹೆಚ್ಚು ನಡೆಯುತ್ತದೆ.

ಇದು ಕಲ್ಪನೆಯ ಮಾತಲ್ಲ. ಪೋಲಿಯೋ ರೋಗದ ವಿರುದ್ಧ ಹನಿ ಹಾಕುವ ಕಾರ್ಯವು ಉತ್ತರಪ್ರದೇಶದ ಕೆಲವು ಜಿಲ್ಲೆಗಳಲ್ಲಿ ಸಂಶಯದಿಂದ ಕುಂಠಿತವಾಗಿದ್ದಾಗ, ಮಸೀದಿಗಳಿಂದ ಇಮಾಮರೇ ಅದರ ಪರವಾಗಿ ಸಾರಿದರು. ಬಾಗಿಲುಗಳು ತೆರೆದುವು. ೨೦೧೧ರ ಜನವರಿಯ ಬಳಿಕ ನಮ್ಮ ದೇಶದಲ್ಲಿ ಆ ಕಾಡು ಪೋಲಿಯೋ ಕಾಣಿಸಲಿಲ್ಲ. ೨೦೧೪ರ ಮಾರ್ಚಿಯಲ್ಲಿ ಅದು ತೊಲಗಿತೆಂಬ ಪ್ರಮಾಣಪತ್ರ ದೊರೆಯಿತು. ಲಸಿಕೆ ಪ್ರಯೋಗಶಾಲೆಯದು, ವ್ಯವಸ್ಥೆ ಸರಕಾರದ್ದು, ವಿಶ್ವಾಸ ಮಸೀದಿಯದು.

ಇದಕ್ಕೆ ಆಕ್ಷೇಪಣೆಗಳಿಲ್ಲದೆ ಇಲ್ಲ. ಮನೆಯ ರೋಗದ ಸಂಗತಿ ಹೊರಗೆ ಹೋದರೆ ಹೆಣ್ಣುಮಗಳ ಮದುವೆಗೆ ಅಡ್ಡಿಯಾಗದೆ? ಆದೀತು. ಆದಕಾರಣ ಹೆಸರನ್ನು ಹೇಳದೆ ಸಂಖ್ಯೆಯನ್ನೂ ಊರನ್ನೂ ಮಾತ್ರ ತಿಳಿಸುವ ಎಚ್ಚರ ಬೇಕು. ದೇವರ ಮುಂದೆ ಹೇಳಿಕೊಂಡದ್ದು ಊರಿನ ಹರಟೆಯಾಗಕೂಡದು. ಎರಡನೆಯದಾಗಿ, ಧರ್ಮಸಂಸ್ಥೆಗಳು ಆರೋಗ್ಯದ ಭಾರ ಹೊತ್ತರೆ ಸರಕಾರವು ಕೈತೊಳೆದುಕೊಂಡೀತಲ್ಲವೆ? ಹಾಗಾಗಬಾರದು. ಸಂತ್ರಸ್ತರಿಗೆ ಮಾಸಾಶನ, ಚಿಕಿತ್ಸೆ, ಆರೈಕೆಯ ಕೇಂದ್ರ, ಇವು ಯಾರ ಕರುಣೆಯಿಂದಲೂ ಬರತಕ್ಕವಲ್ಲ. ವಿಷವನ್ನು ಸುರಿಸಿದ್ದು ಸರಕಾರದ ನಿಗಮವಾದ್ದರಿಂದ ಅವು ಋಣ. ಕೊಕ್ಕಡದಲ್ಲಿ ಸರಕಾರದ ಹಣದಿಂದ ಎಂಡೋಸಲ್ಫಾನ್ ಪೀಡಿತರ ಹಗಲಿನ ಪಾಲನಾಕೇಂದ್ರವು ಏರ್ಪಟ್ಟು, ಅದರ ದಿನನಿತ್ಯದ ಕೆಲಸಕ್ಕೆ ಸೇವಾಸಂಸ್ಥೆಯೊಂದು ಕೈಜೋಡಿಸಿತು. ಈ ಜೋಡಣೆ ನನಗೆ ಸರಿಯೆಂದು ತೋರುತ್ತದೆ. ಹಣ ಹಕ್ಕಿನಿಂದ ಬರಬೇಕು, ಕೈ ಪ್ರೀತಿಯಿಂದ ಬರಬೇಕು. ಮೂರನೆಯದಾಗಿ, ಸೇವೆಯ ಹೆಸರಿನಲ್ಲಿ ಮತವನ್ನು ಮಾರಬಾರದು. ಹರಕೆಯಿಂದಲೇ ಗುಣವಾಯಿತೆಂದು ಸಾರಿ ವೈದ್ಯನ ಬಳಿಗೆ ಹೋಗುವವನನ್ನು ತಡೆಯಬಾರದು. ಇಷ್ಟು ಕಟ್ಟುಪಾಡನ್ನು ಎಲ್ಲ ಮತದವರೂ ತಮಗೆ ತಾವೇ ಹಾಕಿಕೊಳ್ಳಬೇಕು.

ಮನೆಯಿಂದಲೇ ಆರಂಭಿಸುವುದೂ ಒಳ್ಳೆಯದು. ಜಾತ್ರೆಯ ದಿವಸ ಸಾವಿರಾರು ಜನರಿಗೆ ಅನ್ನವಿಕ್ಕುವ ದೇವಸ್ಥಾನದ ಬಾವಿಯ ನೀರು ಪರೀಕ್ಷೆಯಾಗಿದೆಯೆ, ಯಾತ್ರಿಕರಿಗೆ ಸಾಕಷ್ಟು ಶೌಚಾಲಯಗಳಿವೆಯೆ, ಎಂಜಲೆಲೆ ಹೊಳೆಗೆ ಬೀಳದೆ ಇದೆಯೆ ಎಂದು ನೋಡಿಕೊಂಡರೆ, ಅದು ಒಂದು ಆಸ್ಪತ್ರೆಯನ್ನು ಕಟ್ಟಿಸಿದಷ್ಟೇ ಪುಣ್ಯ.

ಆ ತಾಯಿಯ ಡಬ್ಬಿಯ ವಿಷಯ ಏನಾಯಿತೆಂದು ತಾವು ಕೇಳಬಹುದು. ನನ್ನ ವಿದ್ಯಾರ್ಥಿಯು ಆ ರಶೀದಿಗಳ ಪಟ್ಟಿಯನ್ನು ತಾರೀಖು ಸಹಿತವಾಗಿ ಶುದ್ಧಪ್ರತಿ ಮಾಡಿ, ಅತ್ತೆಯ ಹೇಳಿಕೆಯನ್ನು ಅದರ ಮಗ್ಗುಲಲ್ಲಿಯೇ ಬರೆದು, ಅರ್ಜಿಯೊಂದಿಗೆ ಸೇರಿಸಿದನು. ಅದನ್ನು ಸಾಕ್ಷ್ಯವೆಂದು ಒಪ್ಪಲು ನಿಯಮದಲ್ಲಿ ಅವಕಾಶವಿಲ್ಲವೆಂದು ಮೊದಲು ಹೇಳಿದರಂತೆ. ಆದರೆ ಪಟ್ಟಿಯನ್ನು ಓದಿದ ವೈದ್ಯೆಯೊಬ್ಬರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹುಡುಗನನ್ನು ಇನ್ನೊಮ್ಮೆ ಪರೀಕ್ಷಿಸುತ್ತೇನೆ, ಕರೆದುಕೊಂಡು ಬನ್ನಿ ಎಂದರಂತೆ. ಅಷ್ಟರ ಮಟ್ಟಿಗೆ ಆ ಚೀಟಿಗಳು ಫಲಿಸಿದುವು.

ನಾವು ಹೊರಡುವಾಗ ಆಕೆ ರಶೀದಿಗಳನ್ನು ಮತ್ತೆ ಅದೇ ಕ್ರಮದಲ್ಲಿ ಡಬ್ಬಿಗೆ ಹಾಕಿ, ಮುಚ್ಚಳವನ್ನು ಒತ್ತಿ, “ದೇವರು ಒಂದೂ ಕೇಳಲಿಲ್ಲ ಅಂತ ನಾನು ಹೇಳುವುದಿಲ್ಲ ಮಾಷ್ಟ್ರೇ. ಕೇಳಿದ್ದನ್ನು ಬರೆದಿಟ್ಟುಕೊಂಡರಲ್ಲ, ಅದು ಈಗ ಉಪಕಾರಕ್ಕೆ ಬಂತು” ಎಂದರು.

ವೈದ್ಯನಾಥನು ಎಲ್ಲರ ಬಿನ್ನಹವನ್ನೂ ಕೇಳುತ್ತಾನೆಂಬುದು ಭಕ್ತರ ನಂಬಿಕೆ. ಅವನ ಬಾಗಿಲಿನಲ್ಲಿ ಕುಳಿತವರೂ ಅದನ್ನು ಕೇಳಿಸಿಕೊಳ್ಳಲಿ, ಕೇಳಿದ್ದನ್ನು ಎಣಿಸಲಿ, ಎಣಿಸಿದ್ದನ್ನು ವೈದ್ಯನಿಗೆ ಹೇಳಲಿ. ಇಷ್ಟನ್ನು ತಮ್ಮ ವಿಚಾರಕ್ಕೆ ಒಪ್ಪಿಸಿ ನನ್ನ ಮಾತನ್ನು ಮುಗಿಸುತ್ತೇನೆ.